ಮರ ನೆಟ್ಟವರ ಹೆಸರು ಕಲ್ಲಿನಲ್ಲಿದೆ, ನೀರು ಹೊತ್ತವರ ಹೆಸರು ಎಲ್ಲಿದೆ?

ದಾನಶಾಸನಗಳ ಕೊನೆಯ ಸಾಲುಗಳಿಗೆ ಸಿಗುವ ಗಮನ ಯಾವಾಗಲೂ ಕಡಿಮೆ. ರಾಜನ ಹೆಸರು, ಶಕವರ್ಷ, ತಿಥಿ, ಕೊಟ್ಟವರು, ಪಡೆದವರು, ಭೂಮಿಯ ಅಳತೆ ಇಷ್ಟು ಸಿಕ್ಕರೆ ಇತಿಹಾಸಕ್ಕೆ ಬೇಕಾದ್ದು ಸಿಕ್ಕಿತು ಅಂತ ನಮ್ಮ ಲೆಕ್ಕ. ಉಳಿದದ್ದು ಶಾಪಾಶಯ. ಬಿ.ಎಲ್. ರೈಸ್ ಅವರ ಇಂಗ್ಲಿಷ್ ಅನುವಾದಗಳಲ್ಲೂ ಎಷ್ಟೋ ಕಡೆ ಆ ಜಾಗದಲ್ಲಿ 'ಎಂದಿನ ಕೊನೆಯ ಶ್ಲೋಕಗಳು' ಎಂಬರ್ಥದ ಒಂದು ಸಣ್ಣ ಟಿಪ್ಪಣಿ ಇರುತ್ತದೆ, ಅಷ್ಟೆ. ಈ ಬರಹದಲ್ಲಿ ಆ ಕೊನೆಯ ಸಾಲುಗಳನ್ನೇ ಹಿಡಿದುಕೊಂಡು ಹೊರಟಿದ್ದೇನೆ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ರಸ್ತೆಬದಿಯ ಎಳೆ ಮರಗಳಿಗೂ ಆ ಸಾಲುಗಳಿಗೂ ಹತ್ತಿರದ ಸಂಬಂಧ ಇದೆ ಅನ್ನೋದು ನನ್ನ ವಾದ. ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ, ಅಶೋಕನ ತನಕ ಹೋಗಿ ಬರೋಣ.

ಅಶೋಕನ ಆಲದ ಮರಗಳು

"ಅಶೋಕನು ಸಾಲುಮರಗಳನ್ನು ನೆಡಿಸಿದನು" ಅನ್ನುವ ವಾಕ್ಯವನ್ನು ಶಾಲೆಯಲ್ಲಿ ಬಾಯಿಪಾಠ ಮಾಡದವರು ನಮ್ಮಲ್ಲಿ ಯಾರಿದ್ದಾರೆ? ಆ ವಾಕ್ಯಕ್ಕೆ ಆಧಾರ ಎರಡು ಶಾಸನಗಳು. ಒಂದು, ಎರಡನೆಯ ಬಂಡೆಶಾಸನ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು, ಔಷಧದ ಗಿಡಮೂಲಿಕೆ, ದಾರಿಯಲ್ಲಿ ಬಾವಿ, ದಾರಿಯಲ್ಲಿ ಮರ ಇವು ಅದರ ವಿಷಯ. ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಇದರ ಪಾಠ ಸಿಗುತ್ತದೆ. ಇನ್ನೊಂದು, ದೆಹಲಿ–ತೋಪ್ರಾ ಕಂಬದ ಮೇಲಿರುವ ಏಳನೆಯ ಸ್ತಂಭಶಾಸನ. ಅಶೋಕನ ಪಟ್ಟಾಭಿಷೇಕವಾಗಿ 27ನೆಯ ವರ್ಷದ್ದು. ಇಲ್ಲಿ ಮರದ ಹೆಸರೇ ಇದೆ. ಪ್ರಾಕೃತದಲ್ಲಿ 'ನಿಗೋಹ', ಸಂಸ್ಕೃತದ ನ್ಯಗ್ರೋಧ, ನಮ್ಮ ಆಲ. ದಾರಿಗಳಲ್ಲಿ ಆಲದ ಮರ ನೆಡಿಸಿದ್ದೇನೆ, ಪಶುಗಳಿಗೂ ಮನುಷ್ಯರಿಗೂ ನೆರಳಾಗಲಿ ಅಂತ, ಮಾವಿನ ತೋಪು ಹಾಕಿಸಿದ್ದೇನೆ, ಬಾವಿ ತೋಡಿಸಿದ್ದೇನೆ, ಅಲ್ಲಲ್ಲಿ ಕುಡಿಯುವ ನೀರಿನ ಏರ್ಪಾಡು ಮಾಡಿದ್ದೇನೆ ಎಂಬುದು ಅದರ ತಾತ್ಪರ್ಯ. ಬಾವಿಗಳ ನಡುವಿನ ದೂರವನ್ನು ಹೇಳುವ ಪದ ಅರ್ಧ ಕ್ರೋಶವೋ ಎಂಟು ಕ್ರೋಶವೋ ಅಂತ ವಿದ್ವಾಂಸರ ನಡುವೆ ಚರ್ಚೆ ಇದೆ. ಮರದ ವಿಷಯದಲ್ಲಿ ಆ ಗೊಂದಲ ಇಲ್ಲ.

ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ. ಇಂಥ ಸೌಕರ್ಯವನ್ನು ಹಿಂದಿನ ಅರಸರೂ ಕೊಟ್ಟಿದ್ದರು, ಇದೇನು ದೊಡ್ಡದಲ್ಲ, ಜನ ಧರ್ಮದ ಹಾದಿ ಹಿಡಿಯಲಿ ಅಂತ ನಾನು ಇದನ್ನು ಮಾಡಿದೆ ಅನ್ನುತ್ತಾನೆ ಅಶೋಕ. ಅಂದರೆ ದಾರಿಯ ಮರ ಅವನಿಗಿಂತಲೂ ಹಳೆಯ ರೂಢಿ.

ಆ ಕಂಬವನ್ನು 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ತೋಪ್ರಾದಿಂದ ದೆಹಲಿಗೆ ಸಾಗಿಸಿದ. ಈಗಲೂ ಅದು ಫಿರೋಜ್ ಷಾ ಕೋಟ್ಲಾದಲ್ಲಿ ನಿಂತಿದೆ. 2,200 ವರ್ಷ ದಾಟಿದ ಮೇಲೂ ಕಲ್ಲು ಇದೆ, ಅಕ್ಷರ ಇದೆ. ಆ ಎಳೆ ಆಲಗಳಿಗೆ ಬೇಸಿಗೆಯಲ್ಲಿ ನೀರು ಹಾಕಿದವರು ಯಾರು? ಬೇಲಿ ಕಟ್ಟಿದವರು ಯಾರು? ಅದು ಎಲ್ಲೂ ಬರೆದಿಲ್ಲ.

ನಮ್ಮ ನಾಡಿನ ಉದಾಹರಣೆಯನ್ನೇ ನೋಡಿ. 1892ರಲ್ಲಿ ರೈಸ್ ಪತ್ತೆ ಹಚ್ಚಿದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಕಿರುಬಂಡೆಶಾಸನದಲ್ಲಿ ಮರದ ಮಾತಿಲ್ಲ. ಆದರೆ ಅದನ್ನು ಬರೆದ ಲಿಪಿಕಾರನ ಹೆಸರು ಇದೆ: ಚಪಡ. ಅವನು 'ಲಿಪಿಕರ' ಅನ್ನುವ ಪದವನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬರೆದು ತನ್ನ ಗುರುತು ಬಿಟ್ಟು ಹೋದ. ಮುಂದೆ ಕನ್ನಡ ಶಾಸನಗಳಲ್ಲೂ ಅಷ್ಟೆ. ಅರಸ, ದಾನಿ, ಆಚಾರ್ಯ, ಸಾಕ್ಷಿ, ಬರೆದ ಸೇನಬೋವ, ಕಂಡರಿಸಿದ ರೂವಾರಿ ಇಷ್ಟೂ ಜನರಿಗೆ ಕಲ್ಲಿನಲ್ಲಿ ಜಾಗ ಇದೆ. ಕೊಡ ಹೊತ್ತವರಿಗೆ ಇಲ್ಲ.

ತುಮಕೂರು ಸಂಪುಟದಲ್ಲಿ ಮರಕ್ಕೆ ಎಲ್ಲಿ ಜಾಗ?

ತುಮಕೂರು ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾದ 12ನೆಯ ಸಂಪುಟವಾಗಿ 1904ರಲ್ಲಿ ಪ್ರಕಟವಾದವು. ಗುಬ್ಬಿ, ಕುಣಿಗಲ್ ತಾಲ್ಲೂಕುಗಳೂ ಅದರಲ್ಲೇ ಇವೆ. ಈ ಎರಡು ಊರುಗಳನ್ನು ಒಟ್ಟಿಗೆ ತರುವ ದಾಖಲೆ ಬೇಕು ಅಂದರೆ ಗುಬ್ಬಿ ತಾಲ್ಲೂಕಿನ ಕಡಬದ ತಾಮ್ರಪಟವನ್ನು ನೋಡಬೇಕು. ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ್ದು, ಶಕ 735. ಕುನುಂಗಿಲ್ ದೇಶವನ್ನು, ಅಂದರೆ ಈಗಿನ ಕುಣಿಗಲ್ ಸೀಮೆಯನ್ನು ಆಳುತ್ತಿದ್ದ ವಿಮಲಾದಿತ್ಯನ ಶನಿಪೀಡೆಯನ್ನು ಅರ್ಕಕೀರ್ತಿ ಎಂಬ ಜೈನಮುನಿ ಬಿಡಿಸಿದ್ದಕ್ಕೆ ಜಾಲಮಂಗಲ ಎಂಬ ಊರನ್ನು ಜಿನಾಲಯಕ್ಕೆ ಕೊಟ್ಟ ಕಥೆ ಅದು.

ಸಾಮಾನ್ಯವಾಗಿ ನಮ್ಮ ತಾಮ್ರಪಟಗಳಲ್ಲಿ ಮರಗಳು ಕಾಣಿಸಿಕೊಳ್ಳುವುದು ಊರಿನ ಎಲ್ಲೆ ಹೇಳುವ ಭಾಗದಲ್ಲಿ. ಗಂಗರ ತಾಮ್ರಪಟಗಳನ್ನು ಓದಿದವರಿಗೆ ಇದು ಗೊತ್ತು. ಸಂಸ್ಕೃತದಲ್ಲಿ ವಂಶಾವಳಿ ಭರ್ಜರಿಯಾಗಿ ಸಾಗುತ್ತಿರುತ್ತದೆ. ಎಲ್ಲೆ ಹೇಳುವ ಹೊತ್ತಿಗೆ ಭಾಷೆ ಕನ್ನಡಕ್ಕೆ ತಿರುಗುತ್ತದೆ. ಮೂಡಣಕ್ಕೆ ಹುತ್ತ, ತೆಂಕಲಿಗೆ ಹುಣಸೆ, ಪಡುವಲಿಗೆ ಕೆರೆಯ ಕೋಡಿ, ಬಡಗಲಿಗೆ ಆಲ ಅನ್ನುವ ರೀತಿಯ ವಿವರ ಬರುತ್ತದೆ. ಯಾಕೆ ಕನ್ನಡ? ಎಲ್ಲೆ ನಡೆದು ತೋರಿಸುವವರು ಊರಿನವರು. ಯಾವ ಹುಣಸೆ, ಯಾವ ಆಲ ಅಂತ ಅವರಿಗೆ ಗೊತ್ತಿರಬೇಕು. ಗಡಿಗಲ್ಲಿನಷ್ಟೇ ನಂಬಿಕೆ ಇಡಬಹುದಾದ ಗುರುತು ಆಗಬೇಕಾದರೆ ಮರಕ್ಕೆ ವಯಸ್ಸಾಗಿರಬೇಕು, ಅದನ್ನು ಯಾರೂ ಕಡಿಯೋಲ್ಲ ಅನ್ನುವ ಭರವಸೆಯೂ ಇರಬೇಕು. ಎಲ್ಲೆಯ ಮರ ಅಂದರೆ ಊರು ಕಾದುಕೊಂಡು ಬಂದ ಮರ.

ಕೊಟ್ಟದ್ದು ಒಂದು ಸಾಲು, ಕಾಯಲು ಹತ್ತು ಸಾಲು

ಈಗ ದಾನಶಾಸನದ ಕಟ್ಟಣೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ತುಮಕೂರಿಗೆ ಹತ್ತಿರದ ಕೈದಾಳಕ್ಕೆ ಹೋದವರು ಚೆನ್ನಕೇಶವನನ್ನೂ ಜಕಣಾಚಾರಿಯ ಐತಿಹ್ಯವನ್ನೂ ನೆನಪಿಟ್ಟುಕೊಂಡು ಬರುತ್ತಾರೆ. ಅಲ್ಲಿಯ ಗಂಗಾಧರೇಶ್ವರ ಗುಡಿ ಹೊಯ್ಸಳ ಒಂದನೆಯ ನರಸಿಂಹನ ಸಾಮಂತ ಗೂಳಿ ಬಾಚಿಯ ಕಾಲದ್ದು, 12ನೆಯ ಶತಮಾನದ ನಡುವಿನದು. ಬಾಚಿ ಶಿವನಿಗೂ ಕೇಶವನಿಗೂ ಜಿನನಿಗೂ ಗುಡಿ ಮಾಡಿಸಿದವನು.

ಇಂಥ ಕಾಲದ ಯಾವ ದಾನಶಾಸನವನ್ನಾದರೂ ತೆಗೆದುಕೊಳ್ಳಿ. ಗುಡಿ ಮಾಡಿಸಿದ ಅನ್ನೋದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಅದರ ಹಿಂದೆ ಬರುವುದು ಉಸ್ತುವಾರಿಯ ವಿವರ. ನಂದಾದೀವಿಗೆಯ ಎಣ್ಣೆಗೆ ಏನು, ನೈವೇದ್ಯಕ್ಕೆ ಎಷ್ಟು ಗದ್ದೆ, ಹೂದೋಟಕ್ಕೆ ಎಷ್ಟು ನೆಲ, ಮಾಲೆಗಾರನಿಗೆ ಎಷ್ಟು ಪಾಲು, ಗುಡಿ ಜೀರ್ಣವಾದರೆ ದುರಸ್ತಿಗೆ ಯಾವ ಆದಾಯ. ಸಲಗೆ, ಕೊಳಗಗಳ ಲೆಕ್ಕದಲ್ಲಿ ಅದೇ ಮುಕ್ಕಾಲು ಪಾಲು ಕಲ್ಲನ್ನು ತುಂಬಿಕೊಂಡಿರುತ್ತದೆ.

ಕೆರೆಗಳದ್ದೂ ಇದೇ ಕಥೆ. ಕೆರೆ ಕಟ್ಟಿಸಿದವರು ಅಲ್ಲಿಗೇ ಕೈತೊಳೆದುಕೊಳ್ಳುತ್ತಿರಲಿಲ್ಲ. ಹೂಳು ತೆಗೆಯಲು, ಏರಿಗೆ ಮಣ್ಣು ಹೊರಲು ಬಂಡಿ ನಡೆಯಬೇಕು. ಬಂಡಿಗೆ ಎತ್ತು ಅಥವಾ ಕೋಣ ಬೇಕು, ಹೊಡೆಯುವವನಿಗೆ ಕೂಲಿ ಬೇಕು. ಅದಕ್ಕಾಗಿ ಭೂಮಿ ಬಿಟ್ಟ ಶಾಸನಗಳು ದಕ್ಷಿಣ ಕರ್ನಾಟಕದಲ್ಲಿ ಬೇಕಾದಷ್ಟಿವೆ. ಅರವಟ್ಟಿಗೆಯೂ ಹಾಗೇ. ದಾರಿಯಲ್ಲಿ ಚಪ್ಪರ ಹಾಕಿದರೆ ಸಾಕೇ? ಬೇಸಿಗೆಯುದ್ದಕ್ಕೂ ಅಲ್ಲಿ ಕೂತು ನೀರು ಎರೆಯುವವರು ಬೇಕು. ಅವರ ಹೊಟ್ಟೆಪಾಡಿಗೆ ಮಾನ್ಯ ಬಿಟ್ಟರು.

ಇಷ್ಟಾದ ಮೇಲೆ ಬರುವುದೇ ನಾನು ಮೊದಲು ಹೇಳಿದ ಕೊನೆಯ ಶ್ಲೋಕಗಳು. ಅವುಗಳಲ್ಲಿ ಮತ್ತೆ ಮತ್ತೆ ಬರುವ ಒಂದರ ಅರ್ಥ ಹೀಗೆ: ದಾನ ಮಾಡುವುದು, ದಾನವನ್ನು ಕಾಪಾಡುವುದು ಈ ಎರಡರಲ್ಲಿ ಕಾಪಾಡುವುದೇ ಮೇಲು, ಕೊಟ್ಟವನಿಗೆ ಸ್ವರ್ಗ, ಕಾಪಾಡಿದವನಿಗೆ ಅಲ್ಲಿಂದ ಜಾರಿ ಬೀಳದ ಪದವಿ. ಇನ್ನೊಂದು ಶ್ಲೋಕದ ಪ್ರಕಾರ ತಾನು ಕೊಟ್ಟದ್ದಕ್ಕಿಂತ ಬೇರೆಯವರು ಕೊಟ್ಟದ್ದನ್ನು ಪಾಲಿಸಿದರೆ ಪುಣ್ಯ ಎರಡು ಪಟ್ಟು. ಮತ್ತೊಂದು ನೇರವಾಗಿ ಹೇಳುತ್ತದೆ: ತನ್ನದನ್ನು ಕೊಡುವುದು ಸುಲಭ, ಬೇರೆಯವರದನ್ನು ಕಾಯುವುದೇ ಕಷ್ಟ. ಕಿತ್ತುಕೊಂಡವನ ಗತಿ ಏನು? ಅರವತ್ತು ಸಾವಿರ ವರ್ಷ ಮಲದ ಹುಳು!

ನೂರಾರು ವರ್ಷ, ಹಳ್ಳಿಹಳ್ಳಿಯ ಕಲ್ಲುಗಳ ಮೇಲೆ ಒಂದೇ ಮಾತನ್ನು ಕೊರೆದರು ಅಂದರೆ ಅದು ಬರೀ ರೂಢಿ ಅಲ್ಲ, ಅನುಭವ. ದಾನಕ್ಕೆ ಜನ ಸಿಗುತ್ತಾರೆ, ಪಾಲನೆಗೆ ಸಿಗುವುದಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಮರ?

ವಿಜಯನಗರದ ಒಂದನೆಯ ದೇವರಾಯನ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನ ನಿಮಗೆಲ್ಲ ಗೊತ್ತೇ ಇದೆ. ಹಾಲೂಡಿಸುವಾಗಲೇ ತಾಯಿ ಮಗನ ಕಿವಿಯಲ್ಲಿ ಏನೇನು ಮಾಡಬೇಕು ಅಂತ ಹೇಳಿದಳು ಎಂಬ ಪ್ರಸಿದ್ಧ ಪದ್ಯ ಅದರಲ್ಲಿದೆ. ಕೆರೆ ಇದೆ, ಬಾವಿ ಇದೆ, ದೇಗುಲ ಇದೆ, ಸೆರೆ ಸಿಕ್ಕ ಅನಾಥರನ್ನು ಬಿಡಿಸುವ ಮಾತಿದೆ. ಮರ ಇಲ್ಲ! ತಾಯಿಗೆ ಮರ ಬೇಡವಾಗಿತ್ತು ಅಂತ ಇದರರ್ಥ ಅಲ್ಲ. ಮರ ಕಟ್ಟಿಸುವ ವಸ್ತು ಅಲ್ಲ, ಸಾಕುವ ವಸ್ತು ಅಂತ ನನಗೆ ತೋರುತ್ತದೆ. ಅದಕ್ಕೇ ಅದು ಇನ್ನೊಂದು ಪಟ್ಟಿಯಲ್ಲಿ ಸಿಗುತ್ತದೆ: ಸಪ್ತಸಂತಾನ. ಮಗ, ನಿಧಿ, ದೇಗುಲ, ಕೆರೆ, ಅಗ್ರಹಾರ, ಕಾವ್ಯ, ಇವುಗಳ ಜೊತೆಗೆ ವನ. ಮನುಷ್ಯ ಸತ್ತ ಮೇಲೂ ಅವನ ಹೆಸರು ಉಳಿಸುವ ಏಳು ಸಂತಾನಗಳಲ್ಲಿ ಮರಗಳ ತೋಪೂ ಒಂದು.

ಸಂತಾನ ಅಂದಮೇಲೆ ಸಾಕಬೇಕಲ್ಲ. ಊರುಗಳು ಅದಕ್ಕೂ ದಾರಿ ಮಾಡಿಕೊಂಡಿದ್ದವು. ಹಳೆ ಮೈಸೂರು ಸೀಮೆಯ ಗುಂಡುತೋಪುಗಳು ಇಡೀ ಊರಿನ ಸ್ವತ್ತು, ಇವತ್ತಿಗೂ ಕಂದಾಯ ದಾಖಲೆಯಲ್ಲಿ ಅದೇ ಹೆಸರು. ಅರಳಿ–ಬೇವನ್ನು ಜೊತೆಯಲ್ಲಿ ನೆಟ್ಟು ಮದುವೆ ಮಾಡಿ, ಸುತ್ತ ಕಟ್ಟೆ ಕಟ್ಟಿ, ನಾಗರಕಲ್ಲು ಇಟ್ಟರೆ ಆ ಮರದ ತಂಟೆಗೆ ಯಾರೂ ಹೋಗುತ್ತಿರಲಿಲ್ಲ. ಕಟ್ಟೆಗೆ ಪ್ರದಕ್ಷಿಣೆ ಬರುವವರು ತಂದ ನೀರೇ ಮರಕ್ಕೆ ನೀರು. ಕಾವಲಿಗೂ ನೀರಿಗೂ ಬೇರೆ ಏರ್ಪಾಡು ಬೇಕಾಗಲಿಲ್ಲ. ಆದರೆ ರಸ್ತೆಬದಿಯ ಮರಕ್ಕೆ ಕಟ್ಟೆಯೂ ಇಲ್ಲ, ಊರೂ ಇಲ್ಲ. ದಾರಿ ಎಲ್ಲರದ್ದು, ಹಾಗಾಗಿ ಯಾರದ್ದೂ ಅಲ್ಲ.

ಹುಲಿಕಲ್–ಕುದೂರು ರಸ್ತೆ: ಕಲ್ಲಿಲ್ಲದ ಶಾಸನ

ಯಾರದ್ದೂ ಅಲ್ಲದ ಅಂಥ ಒಂದು ದಾರಿಯನ್ನು ತಮ್ಮದು ಮಾಡಿಕೊಂಡವರು ಸಾಲುಮರದ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ. ತಿಮ್ಮಕ್ಕ ಹುಟ್ಟಿದ್ದು ಗುಬ್ಬಿ ತಾಲ್ಲೂಕಿನಲ್ಲಿ. ಮದುವೆಯಾಗಿ ಹೋದದ್ದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ, ಕುಣಿಗಲ್ ತಾಲ್ಲೂಕಿಗೆ ನೆರೆಯ ಸೀಮೆ. ಶಾಲೆಗೆ ಹೋದವರಲ್ಲ, ಕೂಲಿ ಮಾಡಿ ಬದುಕಿದವರು. ಮಕ್ಕಳಾಗಲಿಲ್ಲ. ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ನಾಲ್ಕು ಕಿಲೋಮೀಟರಿಗೂ ಮಿಕ್ಕ ದಾರಿಯಲ್ಲಿ ಇಬ್ಬರೂ ಆಲದ ಸಸಿ ನೆಡುತ್ತಾ ಹೋದರು. ಮೊದಲ ವರ್ಷ 10, ಎರಡನೆಯ ವರ್ಷ 15, ಮೂರನೆಯ ವರ್ಷ 20 ಅಂತ ಅವರೇ ಹೇಳಿಕೊಂಡ ಲೆಕ್ಕ. ಒಟ್ಟು 385 ಅನ್ನೋದು ಪ್ರಸಿದ್ಧವಾಗಿರುವ ಎಣಿಕೆ.

ನಮಗೆ ಈ ದೊಡ್ಡ ಸಂಖ್ಯೆ ಬಾಯಿಗೆ ಬರುತ್ತದೆ. ನನ್ನ ಕಣ್ಣಿಗೆ ಬೀಳುವುದು ಆ ಮೊದಲ ಸಣ್ಣ ಸಂಖ್ಯೆಗಳು. ಕೂಲಿ ಮುಗಿಸಿ ಬಂದ ಗಂಡ ಹೆಂಡತಿಗೆ ಎಷ್ಟು ಗಿಡ ಸಾಕಲು ಸಾಧ್ಯವೋ ಅಷ್ಟೇ ನೆಟ್ಟರು. ಮಳೆಗಾಲ ನೋಡಿ ನೆಟ್ಟರು, ಬೇರು ಹಿಡಿಯುವ ತನಕ ಮುಗಿಲಿನ ನೀರೇ ಸಾಲಲಿ ಅಂತ. ಸಸಿಗಾಗಿ ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಇದ್ದ ಆಲದ ಮರಗಳಿಂದ ಮಾಡಿಕೊಂಡರು. ದನ, ಮೇಕೆ ಬಾಯಿ ಹಾಕದಂತೆ ಸುತ್ತಲೂ ಮುಳ್ಳಿನ ಬೇಲಿ ಕಟ್ಟಿದರು. ಬೇಸಿಗೆಯಲ್ಲಿ ಕೊಡಗಳಲ್ಲಿ ನೀರು ಹೊತ್ತು ಮೈಲಿಗಟ್ಟಲೆ ನಡೆದರು. ಶಾಸನದ ಮಾತಿನಲ್ಲಿ ಹೇಳೋದಾದರೆ ದಾನವೂ ಅವರದೇ, ಪಾಲನೆಯೂ ಅವರದೇ. ಭೂಮಿ ಇಲ್ಲದವರು, ಮಾನ್ಯ ಬಿಡಲು ಅವರ ಹತ್ತಿರ ಇದ್ದದ್ದು ದಿನದ ಕೂಲಿ ಮುಗಿದ ಮೇಲೆ ಉಳಿದ ಹೊತ್ತು ಮಾತ್ರ.

ಚಿಕ್ಕಯ್ಯ 1991ರಲ್ಲಿ ತೀರಿಕೊಂಡರು. ಹೆಸರು, ಪ್ರಶಸ್ತಿ ಎಲ್ಲ ಬಂದದ್ದು ಅದಾದ ಮೇಲೆ. 1995ರಲ್ಲಿ ರಾಷ್ಟ್ರೀಯ ನಾಗರಿಕ ಪ್ರಶಸ್ತಿ, 2019ರಲ್ಲಿ ಪದ್ಮಶ್ರೀ. ಕೊಡ ಹೊರುವಾಗ ಜೊತೆಗಿದ್ದವರು ಅವನ್ನು ನೋಡಲಿಲ್ಲ. ಅದೇ 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸಕ್ಕೆ ಈ ಮರಗಳು ಬಲಿಯಾಗುವ ಭಯ ಎದುರಾಯಿತು. ಆಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿ, ಉಪಮುಖ್ಯಮಂತ್ರಿಯಾಗಿದ್ದ ಜಿ. ಪರಮೇಶ್ವರ ಅವರಲ್ಲಿ ತಿಮ್ಮಕ್ಕ ಕೇಳಿಕೊಂಡರು. ಮರ ಉಳಿಸಿಕೊಂಡು ಬೇರೆ ದಾರಿ ನೋಡಲು ಸರ್ಕಾರ ಒಪ್ಪಿತು. ಎಪ್ಪತ್ತು ವರ್ಷ ಬೆಳೆದ ಮರಕ್ಕೂ ಪಾಲನೆ ಬೇಕು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. 2025ರ ನವೆಂಬರ್ 14ರಂದು ತಿಮ್ಮಕ್ಕ ಹೋದರು. ಈಗ ಆ 385 ಆಲಗಳು ನಮ್ಮ ಶ್ಲೋಕಗಳ ಭಾಷೆಯಲ್ಲಿ 'ಪರದತ್ತ', ಬೇರೆಯವರು ಕೊಟ್ಟು ಹೋದದ್ದು. ಎರಡು ಪಟ್ಟು ಪುಣ್ಯದ ಲೆಕ್ಕ ಈಗ ನಮ್ಮ ಪಾಲಿಗೆ ಬಂದಿದೆ.

ನಟ್ಟ ಕಲ್ಲು, ನೆಟ್ಟ ಗಿಡ

ನಮ್ಮ ಶಾಸನಗಳಲ್ಲಿ ಕಲ್ಲಿಗೂ ಇದೇ ಕ್ರಿಯಾಪದ. ದಾನದ ಭೂಮಿಯ ನಾಲ್ಕು ದಿಕ್ಕಿಗೂ ಲಿಂಗಮುದ್ರೆಯ ಕಲ್ಲನ್ನೋ ವಾಮನಮುದ್ರೆಯ ಕಲ್ಲನ್ನೋ 'ನೆಡಿಸಿ' ಕೊಡುತ್ತಾರೆ. ನಟ್ಟ ಕಲ್ಲಿಗೆ ನೀರು ಬೇಡ, ಚಂದ್ರಸೂರ್ಯರಿರುವ ತನಕ ನಿಂತಿರುತ್ತದೆ. ನೆಟ್ಟ ಗಿಡಕ್ಕೆ ಹಾಗಲ್ಲ. ನಾವು ಗಿಡವನ್ನೂ ಕಲ್ಲಿನಂತೆ ನೆಟ್ಟು ಬರುತ್ತಿದ್ದೇವೆ, ತೊಂದರೆ ಇರುವುದು ಅಲ್ಲೇ.

1950ರಲ್ಲಿ ಕೆ.ಎಂ. ಮುನ್ಷಿ ಶುರು ಮಾಡಿದ ವನಮಹೋತ್ಸವ ಜುಲೈನಲ್ಲಿ ಬರುತ್ತದೆ, ಪರಿಸರ ದಿನ ಜೂನ್ 5ಕ್ಕೆ. ನೆಡಲು ಅದು ಸರಿಯಾದ ಕಾಲವೇ. ತುಮಕೂರಿನ ಕಡೆ ಮಳೆ ಹೆಚ್ಚಾಗಿ ಜೂನ್‌ನಿಂದ ಅಕ್ಟೋಬರ್ ತನಕ, ಅದರಲ್ಲೂ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಜೋರು. ಆ ಐದು ತಿಂಗಳು ಯಾರು ನೆಟ್ಟರೂ ಗಿಡ ಹಸಿರಾಗೇ ಇರುತ್ತದೆ. ಫೋಟೊ ಚೆನ್ನಾಗೇ ಬರುತ್ತದೆ. ಪರೀಕ್ಷೆ ಇರುವುದು ಫೆಬ್ರವರಿಯಿಂದ ಮೇ ತನಕ, ಅದೂ ಮೊದಲ ಎರಡು ಮೂರು ಬೇಸಿಗೆ. ಆಮೇಲೆ ಹೊಂಗೆ, ಬೇವು, ಹುಣಸೆಯಂಥ ಬಯಲುಸೀಮೆಯ ಮರಗಳು ತಮ್ಮ ನೀರು ತಾವೇ ಹುಡುಕಿಕೊಳ್ಳುತ್ತವೆ.

ಆ ಮೂರು ಬೇಸಿಗೆಯಲ್ಲಿ ಮಾಡಬೇಕಾದ್ದು ಬ್ರಹ್ಮವಿದ್ಯೆ ಏನಲ್ಲ. ದಿನಾ ಒಂದು ಚೊಂಬು ಚಿಮುಕಿಸುವ ಬದಲು ವಾರಕ್ಕೆ ಎರಡು ಸಲ ಬೇರಿನ ಆಳಕ್ಕೆ ಇಳಿಯುವಷ್ಟು ನೀರು ಹಾಕುವುದು. ಬುಡದಲ್ಲಿ ಪಾತಿ ಮಾಡಿ ಒಣಗಿದ ಎಲೆ ಹೊದಿಸುವುದು. ಗಾಳಿಗೆ ವಾಲದಂತೆ ಊರುಗೋಲು, ಮೇಕೆಗೆ ಬೇಲಿ. ಕಾಂಡ ದಪ್ಪವಾದ ಮೇಲೆ ಅದೇ ಕಬ್ಬಿಣದ ಬೇಲಿಯನ್ನು ತೆಗೆಯುವುದು, ಇಲ್ಲದಿದ್ದರೆ ತೊಗಟೆಯನ್ನೇ ಕೊಯ್ಯುತ್ತದೆ. ಫುಟ್‌ಪಾತ್ ಮಾಡುವವರು ಬುಡಕ್ಕೆ ಕಾಂಕ್ರೀಟ್ ಸುರಿಯದಂತೆ ಎದುರಿಗೆ ನಿಂತು ಹೇಳುವುದು. ಆಲವನ್ನು ಕರೆಂಟ್ ತಂತಿಯ ಕೆಳಗೆ, ಮೂರಡಿ ಜಾಗದಲ್ಲಿ ನೆಡದೇ ಇರುವುದು. ಅದಕ್ಕೆ ಹುಲಿಕಲ್ಲಿನಂಥ ದಾರಿಯೇ ಬೇಕು. ಬೆಳೆದ ಮರ ಕಡಿಯಲು ಬಂದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಇದೆಯಾ ಅಂತ ಕೇಳಬಹುದು. ಆದರೆ ಬಾಯಾರಿ ಸಾಯುವ ಸಸಿಗೆ ಕಾಯ್ದೆಯಿಂದ ಏನೂ ಆಗುವುದಿಲ್ಲ.

ಈಗ ತುಮಕೂರಿನಲ್ಲಿ ಯಾವುದಾದರೂ ಹೊಸ ಬಡಾವಣೆಯ ಸಸಿಬೇಲಿಗಳನ್ನು ಓದಿಕೊಂಡು ಹೋಗಿ. ನಾನು ಹೀಗೆ ಓದುತ್ತಾ ನಡೆಯುತ್ತೇನೆ, ಶಾಸನ ಓದುವವರ ಚಾಳಿ. ದಾನಿಯ ಹೆಸರು ಇರುತ್ತದೆ, ಉದ್ಘಾಟಿಸಿದವರ ಹೆಸರು ಇರುತ್ತದೆ, ಕೆಲವು ಕಡೆ ಒಳಗೆ ಗಿಡ ಇರುವುದಿಲ್ಲ. ಸಾವಿರ ವರ್ಷದ ಹಿಂದಿನ ಸೇನಬೋವ ಇದನ್ನು ಅರ್ಧ ಶಾಸನ ಅನ್ನುತ್ತಿದ್ದ. ದಾನ ಬರೆದಿದೆ, ಪಾಲನೆ ಎಲ್ಲಿ? ಹಾಗಾಗಿ ನನ್ನದೊಂದು ಸಲಹೆ. ಮುಂದಿನ ಮುಂಗಾರಿಗೆ ನಿಮ್ಮ ಬೀದಿಯಲ್ಲಿ ಗಿಡ ನೆಟ್ಟರೆ ಫಲಕವನ್ನು ಹಳೆಯ ಕ್ರಮದಲ್ಲೇ ಪೂರ್ತಿ ಬರೆಯಿರಿ. ಒಂದು ಮಾದರಿ:

ಸ್ವಸ್ತಿ ಶ್ರೀ. ಇಂಥ ವರ್ಷದ ಜೂನ್ ತಿಂಗಳು, ಮುಂಗಾರು ಹಿಡಿದ ಎರಡನೆಯ ಭಾನುವಾರ, ತುಮಕೂರಿನ ಇಂಥ ಅಡ್ಡರಸ್ತೆಯ ಸಮಸ್ತ ಮನೆಯವರು ಕೂಡಿ ನೆಟ್ಟ ಹೊಂಗೆ ಹತ್ತು, ಬೇವು ನಾಲ್ಕು. ಇವಕ್ಕೆ ಬಿಟ್ಟ ವೃತ್ತಿ: ಪ್ರತಿ ಮನೆಯಿಂದ ಒಂದು ಗಿಡಕ್ಕೆ ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಕೊಡ ನೀರು. ಈ ಧರ್ಮ ಮೂರು ಬೇಸಿಗೆ ಸಲ್ಲುವುದು. ಮನೆ ಖಾಲಿ ಮಾಡುವವರು ಮುಂದೆ ಬರುವವರಿಗೆ ಗಿಡವನ್ನು ತೋರಿಸಿ ಒಪ್ಪಿಸಿ ಹೋಗುವುದು. ಇದಕ್ಕೆ ಸಾಕ್ಷಿ ಬೀದಿಯ ಮಕ್ಕಳು. ಪಾಲಿಸಿದವರಿಗೆ ನೆರಳು. ತಪ್ಪಿದವರಿಗೆ ಏಪ್ರಿಲ್ ಬಿಸಿಲು.

ಹಳೆಯ ಕಲ್ಲುಗಳಲ್ಲಿ ಇರುವಂತೆ ಹೆಸರುಗಳಿಗೂ ಜಾಗ ಬಿಡಿ. ಆದರೆ ಅವನ್ನು ನೆಟ್ಟ ದಿನ ಬರೆಯಬೇಡಿ. ಮೂರನೆಯ ಬೇಸಿಗೆ ಕಳೆದು ಮಳೆ ಬಿದ್ದ ಮೇಲೆ, ಗಿಡ ನಿಂತಿದ್ದರೆ, ನೀರು ಹೊತ್ತವರ ಹೆಸರು ಬರೆಯಿರಿ.